ಇಂಗ್ಲೆಂಡಿನ ‘ಮೊದಲ ಮೆಟ್ಟಿಲು’: ಒಂದು ತಿದ್ದುಪಡಿ, ಒಂದಿಷ್ಟು ತಕರಾರು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪುರವಣಿಯ ವೃತ್ತಿ ಮಾರ್ಗದರ್ಶನ ಅಂಕಣದಲ್ಲಿ, ಸೈಕಾಲಜಿ ಓದಿದವರಿಗೆ ಇಂಗ್ಲೆಂಡಿನಲ್ಲಿ ಯಾವ ದಾರಿಗಳಿವೆ ಎಂದು ಬರೆದಿದ್ದಿರಿ. ಅದರಲ್ಲಿ ಅಸಿಸ್ಟೆಂಟ್ ಸೈಕಾಲಜಿಸ್ಟ್ ಹುದ್ದೆಗೆ ಎರಡೂವರೆ ಸಾಲು ಸಿಕ್ಕಿತ್ತು. ಓದು ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾದಂಥ ತೊಂದರೆ ಇರುವ ಮಕ್ಕಳಿಗೆ ನೆರವಾಗುವ ಲರ್ನಿಂಗ್ ಡಿಸೆಬಿಲಿಟಿ ವಿಭಾಗದಲ್ಲಿ ಈ ಕೆಲಸ ಸುಲಭವಾಗಿ ಸಿಗುತ್ತದೆ, ಒಂದು ವರ್ಷ ಮಾಡಿದರೆ ಸಾಕು, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಬೇಕಾದ ಡಾಕ್ಟರೇಟಿಗೆ ಅದೇ ಮೊದಲ ಮೆಟ್ಟಿಲು ಎಂದಿತ್ತು. ಹಾಸನದಿಂದ ಅಮ್ಮ ಆ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ‘ನೋಡೇ, ನಿನ್ನ ಕೆಲಸದ ಬಗ್ಗೆ ಪೇಪರಲ್ಲಿ ಬಂದಿದೆ’ ಎಂದರು. ‘ಸುಲಭವಾಗಿ’ ಎಂಬಲ್ಲಿ ನಗು ಬಂತು. ಉಳಿದ ಎರಡು ಮಾತಿಗೆ ನಗು ಬರಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾಗಿದ್ದರೆ ಕತ್ತರಿಸಿ, ಆದರೆ ತಿದ್ದುಪಡಿಯನ್ನು ಮಾತ್ರ ಉಳಿಸಿ.

ನಾನು ಇಂಗ್ಲೆಂಡಿನ ಒಂದು ಮಧ್ಯಮ ಗಾತ್ರದ ಊರಿನಲ್ಲಿ, ಎನ್‌ಎಚ್‌ಎಸ್‌ನ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ವಯಸ್ಕರ ಲರ್ನಿಂಗ್ ಡಿಸೆಬಿಲಿಟಿ ತಂಡದಲ್ಲಿ ಅಸಿಸ್ಟೆಂಟ್ ಸೈಕಾಲಜಿಸ್ಟ್. ಸೇರಿ ಎರಡು ವರ್ಷ ನಾಲ್ಕು ತಿಂಗಳಾಯಿತು. ಅದಕ್ಕೆ ಮೊದಲು ಮೂರು ವರ್ಷ ಒಂದು ವಸತಿಗೃಹದಲ್ಲಿ ಸಪೋರ್ಟ್ ವರ್ಕರ್ ಆಗಿದ್ದೆ. ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು, ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೊಮ್ಮೆ ಬಾಗಿಲ ಸಂದಿಯಿಂದ ಉಸಿರಾಟ ನೋಡುವುದು. ನಾನು ಕಲಿತದ್ದರಲ್ಲಿ ಹೆಚ್ಚಿನದು ಆ ಮೂರು ವರ್ಷದ್ದೇ, ಪದವಿಯದ್ದಲ್ಲ.

ಮೊದಲು ತಿದ್ದುಪಡಿ. ಬ್ರಿಟನ್ನಿನಲ್ಲಿ ಲರ್ನಿಂಗ್ ಡಿಸೆಬಿಲಿಟಿ ಅಂದರೆ ಡಿಸ್ಲೆಕ್ಸಿಯಾ ಅಲ್ಲ. ನಮ್ಮಲ್ಲಿ ಬೌದ್ಧಿಕ ಅಂಗವೈಕಲ್ಯ ಎನ್ನುವುದಕ್ಕೆ ಅಲ್ಲಿ ಆ ಹೆಸರು. ಮೂರು ಷರತ್ತುಗಳಿವೆ: ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಅಂಕ 70ಕ್ಕಿಂತ ಕಡಿಮೆ ಇರಬೇಕು, ದಿನನಿತ್ಯದ ಬದುಕು ನಡೆಸುವುದರಲ್ಲಿ ಗಣನೀಯ ತೊಂದರೆ ಇರಬೇಕು, ಎರಡೂ 18 ವರ್ಷದೊಳಗೇ ಶುರುವಾಗಿರಬೇಕು. ಮೂರೂ ಸೇರಿದರೆ ಮಾತ್ರ. ಬ್ರಿಟನ್ನಿನಲ್ಲಿ ಇಂಥವರು ಸುಮಾರು 15 ಲಕ್ಷ. ಡಿಸ್ಲೆಕ್ಸಿಯಾ ಇರುವ ಹುಡುಗಿ ವಕೀಲೆಯಾಗಬಹುದು, ನಮ್ಮ ತಂಡದ ಗೊಡವೆಯೇ ಅವಳಿಗೆ ಬೇಡ. ನಮ್ಮಲ್ಲಿಗೆ ಬರುವವರು ಬಸ್ಸಿನ ನಂಬರು ಓದಲು, ಚಿಲ್ಲರೆ ಎಣಿಸಲು, ಹೊಟ್ಟೆನೋವು ಎಲ್ಲಿದೆ ಎಂದು ಹೇಳಲು ಇನ್ನೊಬ್ಬರನ್ನು ನೆಚ್ಚಿಕೊಂಡವರು. ಕೆಲವರು ಒಂದು ಮಾತೂ ಆಡುವುದಿಲ್ಲ.

ಹೆಸರಿನ ಗೊಂದಲಕ್ಕೆ ನಿಮ್ಮನ್ನಷ್ಟೇ ದೂರಲಾರೆ, ಆ ದೇಶವೇ ನೂರು ವರ್ಷದಿಂದ ಹೆಸರು ಬದಲಿಸುತ್ತ ಬಂದಿದೆ. 1913ರ ಕಾಯ್ದೆ ಈ ಜನರನ್ನು ‘ಈಡಿಯಟ್’, ‘ಇಂಬೆಸಿಲ್’, ‘ಫೀಬಲ್ ಮೈಂಡೆಡ್’ ಎಂದು ದರ್ಜೆ ಮಾಡಿತ್ತು. ಬೈಗುಳವಲ್ಲ, ಕಾನೂನಿನ ಪದಗಳು. ಇವತ್ತು ಮೆನ್‌ಕ್ಯಾಪ್ ಎಂದು ಹೆಸರಾಗಿರುವ ದೊಡ್ಡ ಸಂಸ್ಥೆಯನ್ನು 1946ರಲ್ಲಿ ಜೂಡಿ ಫ್ರೈಡ್ ಎಂಬ ತಾಯಿ ಕಟ್ಟಿದಾಗ ಅದರ ಹೆಸರು ‘ಹಿಂದುಳಿದ ಮಕ್ಕಳ ಪೋಷಕರ ಸಂಘ’ ಎಂಬರ್ಥದ್ದಾಗಿತ್ತು. ನಿಮ್ಮ ಪತ್ರಿಕೆಯಲ್ಲೂ ‘ಬುದ್ಧಿಮಾಂದ್ಯ’ ಇನ್ನೂ ಅಲ್ಲಲ್ಲಿ ಕಾಣುತ್ತದೆ. ಅದು ಬೇರೆ ಪತ್ರಕ್ಕಿರಲಿ.

ಇನ್ನು ‘ಸುಲಭ’. ಈ ಹುದ್ದೆಯ ಜಾಹೀರಾತು ಎನ್‌ಎಚ್‌ಎಸ್ ಜಾಲತಾಣದಲ್ಲಿ ಬೆಳಿಗ್ಗೆ ತೆರೆದರೆ ಊಟದ ಹೊತ್ತಿಗೆ ಮುಚ್ಚಿರುತ್ತದೆ. ಅಷ್ಟರಲ್ಲಿ ನೂರಾರು ಅರ್ಜಿ. ನಾನು ಹಾಕಿದ್ದು 61, ಸಂದರ್ಶನಕ್ಕೆ ಕರೆದದ್ದು ನಾಲ್ಕು ಕಡೆ, ಕೊಟ್ಟದ್ದು ಒಂದು ಕಡೆ. ಊಟದ ವಿರಾಮದಲ್ಲಿ, ಫೋನಿನಲ್ಲಿ, ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ತುಂಬಿದ ಅರ್ಜಿಯೇ ಫಲಿಸಿತು. ಸಂಬಳ ಸಾಮಾನ್ಯವಾಗಿ ಬ್ಯಾಂಡ್ 4 ಎಂಬ ದರ್ಜೆಯದು, 2024–25ರಲ್ಲಿ ವರ್ಷಕ್ಕೆ 26,530 ಪೌಂಡಿನಿಂದ ಶುರುವಾಗುತ್ತಿತ್ತು. ಸಂಬಳವಿಲ್ಲದ ‘ಗೌರವ’ ಹುದ್ದೆಗಳೂ ಇವೆ. ಅವುಗಳ ಬಗ್ಗೆ ನನ್ನ ಅಭಿಪ್ರಾಯ ಅಚ್ಚು ಹಾಕುವಂಥದ್ದಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಲು ಎಚ್‌ಸಿಪಿಸಿ ಎಂಬ ನಿಯಂತ್ರಣ ಮಂಡಳಿಯ ನೋಂದಣಿ ಬೇಕು. ಅಸಿಸ್ಟೆಂಟಿಗೆ ಅದಿಲ್ಲ. ಅದಕ್ಕೇ ನಾನು ಬರೆದ ಪ್ರತಿ ವರದಿಯ ಕೆಳಗೂ ನನ್ನ ಮೇಲ್ವಿಚಾರಕಿಯ ಸಹಿ ಬೀಳಬೇಕು, ವಾರಕ್ಕೊಂದು ಗಂಟೆ ಅವರೆದುರು ಕೂತು ಲೆಕ್ಕ ಒಪ್ಪಿಸಬೇಕು. ಡಾಕ್ಟರೇಟ್ ಮೂರು ವರ್ಷದ್ದು. ಓದುವಾಗ ಎನ್‌ಎಚ್‌ಎಸ್ ಸಂಬಳ ಕೊಡುತ್ತದೆ, ನಿಜ. ಆದರೆ ಆ ಸೀಟುಗಳು ಬಹುಮಟ್ಟಿಗೆ ಅಲ್ಲಿಯೇ ನೆಲೆಸಿದವರಿಗೆ. ಭಾರತದಿಂದ ವಿದ್ಯಾರ್ಥಿ ವೀಸಾದಲ್ಲಿ ಹೊರಟವರು ಅದನ್ನು ಲೆಕ್ಕಕ್ಕೆ ಹಿಡಿದು ಸಾಲ ಮಾಡಬಾರದು. ನಾನು ಮದುವೆಯಾಗಿ ಹೋದವಳು, ನನ್ನ ದಾರಿ ಬೇರೆ. ಇದನ್ನು ನಿಮ್ಮ ಅಂಕಣ ಹೇಳಬೇಕಿತ್ತು.

ಇಷ್ಟೇ ಆಗಿದ್ದರೆ ನಾಲ್ಕು ಸಾಲಿನ ಪತ್ರ ಸಾಕಿತ್ತು. ನನಗೆ ಚುಚ್ಚಿದ್ದು ಆ ‘ಮೆಟ್ಟಿಲು’. ಆ ಪದ ನಿಮ್ಮದಲ್ಲ, ನಾವೇ ದಿನವೂ ಆಡುವ ಪದ. ಮೆಟ್ಟಿಲು ಅಂದಮೇಲೆ ಕಾಲಿಡಬೇಕು, ಕಾಲೆತ್ತಬೇಕು. ಕಾಲ ಕೆಳಗೆ ಏನಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಮುಂದೆ ಹೇಳುವವರ ವಯಸ್ಸು, ಮನೆಯ ವಿವರ ಒಂದಿಷ್ಟು ಬದಲಿಸಿದ್ದೇನೆ. ಗುರುತು ಸಿಗಬಾರದು.

ಮೊದಲ ತಿಂಗಳಲ್ಲಿ ಮೂವತ್ತೆಂಟರ ಒಬ್ಬರಿಗೆ ಬುದ್ಧಿಶಕ್ತಿ ಪರೀಕ್ಷೆ ಮಾಡಬೇಕಿತ್ತು. ವೆಕ್ಸ್ಲರ್ ಪರೀಕ್ಷೆ, ಹತ್ತು ಮುಖ್ಯ ಭಾಗಗಳು, ಎರಡು ಬೈಠಕ್. ಅವರು ಇಸ್ತ್ರಿ ಮಾಡಿದ ಶರ್ಟಿನ ಮೇಲೆ ಟೈ ಕಟ್ಟಿಕೊಂಡು ಬಂದರು. ಟೆಸ್ಟ್ ಅಂದರೆ ಪರೀಕ್ಷೆ, ಪರೀಕ್ಷೆ ಅಂದರೆ ಟೈ. ಗಂಟು ಅವರ ತಂಗಿ ಹಾಕಿದ್ದಂತೆ. ಈ ಪರೀಕ್ಷೆಯ ಒಂದು ಗುಣ ಪುಸ್ತಕ ಓದಿದಾಗ ನನಗೆ ಹೊಳೆದಿರಲಿಲ್ಲ. ಪ್ರಶ್ನೆಗಳು ಸುಲಭದಿಂದ ಕಷ್ಟಕ್ಕೆ ಏರುತ್ತವೆ, ಸಾಲಾಗಿ ಎರಡು ಮೂರು ತಪ್ಪಿದರೆ ಆ ಭಾಗ ನಿಲ್ಲಿಸಬೇಕು. ಅಂದರೆ ಹೆಚ್ಚಿನ ಭಾಗಗಳು ಸೋತ ಮೇಲೇ ಮುಗಿಯುವುದು. ಕೆಂಪು ಬಿಳಿ ಘನಗಳನ್ನು ಜೋಡಿಸುವುದು ಸೋಲಿನಲ್ಲಿ ಮುಗಿಯಿತು, ಪದಗಳ ಅರ್ಥ ಸೋಲಿನಲ್ಲಿ ಮುಗಿಯಿತು, ಅಂಕಿ ನೆನಪಿಡುವುದೂ ಹಾಗೇ. ಸರಿ ತಪ್ಪು ಹೇಳಲು ನನಗೆ ಅನುಮತಿ ಇಲ್ಲ. ‘ಚೆನ್ನಾಗಿ ಪ್ರಯತ್ನ ಪಡ್ತಿದ್ದೀರಿ’ ಅನ್ನಬಹುದು, ಅದನ್ನೇ ಅಂದೆ. ಆರನೇ ಸಲ ಅಂದಾಗ ಅವರು ತಲೆ ಎತ್ತಿ, ‘ನನಗೆ ಬರ್ತಾ ಇಲ್ಲ ಅಂತ ನಿಮಗೆ ಗೊತ್ತಾಗ್ತಾ ಇದೆ, ಅಲ್ವಾ?’ ಎಂದರು. ಬುದ್ಧಿ ಕಡಿಮೆ ಎಂದು ಅಳೆಯಲು ಕೂತಿದ್ದೆ. ನನ್ನ ಮುಖವನ್ನು ಅವರು ಆಗಲೇ ಓದಿ ಮುಗಿಸಿದ್ದರು.

ಒಟ್ಟು ಅಂಕ 71. ನಿಜವಾದ ಅಂಕ 68ರಿಂದ 75ರೊಳಗೆ ಎಲ್ಲಾದರೂ ಇರಬಹುದು ಎಂದು ಪರೀಕ್ಷೆಯ ಕೈಪಿಡಿಯೇ ಹೇಳುತ್ತದೆ. ಆದರೆ ಸೇವೆಯ ಬಾಗಿಲು 70ರಲ್ಲಿ ನಿಂತಿದೆ. ಕಡಿಮೆ ಬಂದರೆ ತೆರೆಯುತ್ತದೆ, ಹೆಚ್ಚು ಬಂದರೆ ಮುಚ್ಚುತ್ತದೆ. ತಂಗಿಯನ್ನು ಕೂರಿಸಿ ಎರಡು ಗಂಟೆ ಮಾತಾಡಿಸಿದೆ. ಕರೆಂಟು ಬಿಲ್ಲಿನ ಕೆಂಪು ನೋಟಿಸನ್ನು ಅವರು ಚೆಂದವಿದೆ ಎಂದು ಫ್ರಿಜ್ಜಿನ ಮೇಲೆ ಅಂಟಿಸಿದ್ದರು, ಗೆಳೆಯ ಅಂದುಕೊಂಡವನಿಗೆ ಮೂರು ಸಲ ಬ್ಯಾಂಕ್ ಕಾರ್ಡ್ ಕೊಟ್ಟಿದ್ದರು. ತಂಡ ಚರ್ಚಿಸಿ ಸೇರಿಸಿಕೊಂಡಿತು. ಫಲಿತಾಂಶ ಹೇಳುವ ದಿನವೂ ಟೈ ಇತ್ತು. ‘ಪಾಸಾ?’ ಎಂದರು. ‘ನಿಮಗೆ ಸಹಾಯ ಸಿಗುತ್ತೆ’ ಎಂದೆ. ‘ಹಾಗಾದ್ರೆ ಪಾಸು’ ಎಂದು ಎದ್ದು ಕೈ ಕುಲುಕಿದರು. ತಿದ್ದಲಿಲ್ಲ. ತಿದ್ದಬೇಕಿತ್ತು ಎಂದು ಮೇಲ್ವಿಚಾರಕಿ ಅಂದರು, ಬಹುಶಃ ಅವರೇ ಸರಿ.

ಎರಡನೆಯವರು ಅರವತ್ತು ದಾಟಿದವರು. ಆರನೇ ವಯಸ್ಸಿಗೆ, 1964ರಲ್ಲಿ, ಮನೆಯವರು ಅವರನ್ನು ಒಂದು ದೊಡ್ಡ ಆಸ್ಪತ್ರೆಗೆ ಬಿಟ್ಟರು. ಚಿಕಿತ್ಸೆಗಲ್ಲ, ಇರಲಿಕ್ಕೆ. ಆಗೆಲ್ಲ ಹಾಗೆಯೇ. ‘ಕಲಿಸಲು ಅಸಾಧ್ಯ’ ಎಂದು ಗುರುತಿಸಿದ ಮಕ್ಕಳಿಗೆ ಇಂಗ್ಲೆಂಡಿನಲ್ಲಿ ಶಾಲೆಯ ಹಕ್ಕು ಸಿಕ್ಕಿದ್ದು 1970ರ ಕಾಯ್ದೆಯಿಂದ, ಅದು ಜಾರಿಯಾದದ್ದು 1971ರಲ್ಲಿ. ಅಷ್ಟರಲ್ಲಿ ಇವರಿಗೆ ಹದಿಮೂರು. ಆಸ್ಪತ್ರೆ ಮುಚ್ಚುವ ತನಕ, ತೊಂಬತ್ತರ ದಶಕದ ತನಕ ಅಲ್ಲೇ ಇದ್ದರು. ಈಗ ನಾಲ್ವರಿರುವ ಮನೆಯಲ್ಲಿದ್ದಾರೆ. ಮಾತಿಲ್ಲ. ದಿನಕ್ಕೊಮ್ಮೆಯಾದರೂ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾರೆ ಎಂದು ನಮ್ಮ ತಂಡಕ್ಕೆ ಕಳಿಸಿದರು.

ಇಂಥಲ್ಲಿ ನಮ್ಮ ಆಯುಧ ಒಂದು ಸರಳ ತಖ್ತೆ: ಮೊದಲು ಏನಾಯಿತು, ಅವರೇನು ಮಾಡಿದರು, ಆಮೇಲೆ ಏನಾಯಿತು. ಮನೆಯ ಸಿಬ್ಬಂದಿ ತುಂಬಿದ 43 ಹಾಳೆ ಮೇಜಿನ ಮೇಲೆ ಹರಡಿಕೊಂಡು ಕೂತೆ. 29ರಲ್ಲಿ ಮೊದಲ ಅಂಕಣದಲ್ಲಿ ಒಂದೇ ಮಾತು: ‘ಏಕಾಏಕಿ’. ಅವರನ್ನು ಬೈಯಲಾರೆ, ಹನ್ನೆರಡು ಗಂಟೆಯ ಪಾಳಿ ಮುಗಿಸಿ ನಾನೂ ಹಾಗೇ ಬರೆದಿದ್ದೇನೆ. ಹೋಗಿ ಊಟದ ಮನೆಯ ಮೂಲೆಯಲ್ಲಿ ಕೂತೆ. ನಾಲ್ಕು ದಿನ, ದಿನಕ್ಕೆ ಎರಡು ಗಂಟೆ. ಮೂರನೇ ದಿನ ಬಾಗಿಲಲ್ಲಿ ಪಾಳಿ ಬದಲಾಯಿತು. ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ ಒಬ್ಬರು ಒಳಗೆ ಬಂದರು. ಇವರ ಭುಜ ಕಿವಿಯ ತನಕ ಏರಿತು. ಗೊಂಚಲು ಝಣ್ ಎಂದು ಹಿಂದೆ ಹಾದು ಹೋಯಿತು. ಅದಾದ ಒಂದು ನಿಮಿಷಕ್ಕೆ ಗೋಡೆ.

ಹಳೆಯ ಆಸ್ಪತ್ರೆಯ ವಾರ್ಡುಗಳಿಗೆ ಬೀಗವಿತ್ತು. ಬೀಗದ ಕೈ ಸದ್ದಾದ ಮೇಲೆ ಅಲ್ಲಿ ಏನಾಗುತ್ತಿತ್ತು ಎಂದು ಹೇಳಬಲ್ಲವರು ಅವರೊಬ್ಬರೇ, ಅವರಿಗೆ ಮಾತಿಲ್ಲ. ಗೊಂಚಲುಗಳನ್ನು ಜೇಬಿನೊಳಗೆ, ಬಟ್ಟೆಯ ಚೀಲದಲ್ಲಿ ಇಡುವಂತೆ ಮಾಡಿದೆವು. ಪೂರ್ತಿ ನಿಂತಿತೇ ಎಂದರೆ, ಇಲ್ಲ. ವಾರಕ್ಕೆ ಏಳೆಂಟು ಇದ್ದದ್ದು ಮೂರಕ್ಕೆ ಬಂತು. ಉಳಿದ ಮೂರಕ್ಕೆ ಕಾರಣ ನನಗೆ ಸಿಗಲಿಲ್ಲ. ಆದರೆ ಆ ಕಡಿಮೆಯಾದ ಲೆಕ್ಕ ಇನ್ನೊಂದು ಕಡೆ ಕೆಲಸಕ್ಕೆ ಬಂತು. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಅವರಿಗೆ ಮನೋವಿಕಲತೆಗೆ ಕೊಡುವ ಮಾತ್ರೆ ನಡೆಯುತ್ತಿತ್ತು. ಆ ಕಾಯಿಲೆ ಇದೆ ಎಂದು ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಇದು ಅವರೊಬ್ಬರ ಕಥೆಯಲ್ಲ. ಇಂಗ್ಲೆಂಡಿನಲ್ಲಿ ಲರ್ನಿಂಗ್ ಡಿಸೆಬಿಲಿಟಿ ಇರುವ 30,000ದಿಂದ 35,000 ವಯಸ್ಕರಿಗೆ ಸರಿಯಾದ ಕಾರಣವಿಲ್ಲದೆ ಇಂಥ ಮಾತ್ರೆ, ಖಿನ್ನತೆಯ ಮಾತ್ರೆ ಅಥವಾ ಎರಡನ್ನೂ ಕೊಡಲಾಗುತ್ತಿದೆ ಎಂದು 2015ರಲ್ಲಿ ಸರ್ಕಾರದ ಆರೋಗ್ಯ ಸಂಸ್ಥೆಯೇ ಅಂದಾಜು ಮಾಡಿತು. ಮರುವರ್ಷ ಮಾತ್ರೆ ಕಡಿಮೆ ಮಾಡಿಸುವ ಸ್ಟಾಂಪ್ ಎಂಬ ಅಭಿಯಾನ ಶುರುವಾಯಿತು. ನಮ್ಮ ಮನೋವೈದ್ಯರು ಇವರ ಮಾತ್ರೆಯನ್ನು ಎಂಟು ತಿಂಗಳಲ್ಲಿ ಹಂತಹಂತವಾಗಿ ಅರ್ಧಕ್ಕೆ ತಂದರು. ಪ್ರತಿ ಹಂತದಲ್ಲೂ ಅವರು ಕೇಳುತ್ತಿದ್ದದ್ದು ನನ್ನ ತಖ್ತೆಯನ್ನು. ಬ್ಯಾಂಡ್ 4ರ ಹುಡುಗಿಯ ಹಾಳೆ.

ಗಮನಿಸಿ, ಈ ಕೆಲಸಕ್ಕೆ ಹಿಡಿದದ್ದು ಹದಿನಾಲ್ಕು ತಿಂಗಳು. ಅಸಿಸ್ಟೆಂಟ್ ಹುದ್ದೆಗಳಲ್ಲಿ ಬಹಳಷ್ಟು ಹನ್ನೆರಡು ತಿಂಗಳ ಗುತ್ತಿಗೆಯವು. ನನ್ನದು ಅದೃಷ್ಟಕ್ಕೆ ಮುಂದುವರಿಯಿತು.

ಮೂರನೆಯವರ ಮನೆಗೆ ಹೋಗುವುದು ನನಗೆ ಇಷ್ಟದ ಕೆಲಸ. ನಲವತ್ತೇಳರ ಮಗಳು, ಎಂಬತ್ತೆರಡರ ತಾಯಿ, ಇಬ್ಬರೇ. ಮಗಳಿಗೆ ಡೌನ್ ಸಿಂಡ್ರೋಮ್. ಇದಿರುವವರಲ್ಲಿ 21ನೇ ಕ್ರೋಮೋಸೋಮ್‌ನ ಒಂದು ಪ್ರತಿ ಹೆಚ್ಚಿರುತ್ತದೆ. ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ವಸ್ತುವಿನ ಮೂಲ ಪ್ರೊಟೀನಿನ ಜೀನ್ ಇರುವುದೂ ಅದೇ ಕ್ರೋಮೋಸೋಮ್‌ನಲ್ಲಿ. ಹಾಗಾಗಿ ಮರೆವಿನ ಕಾಯಿಲೆ ಇವರಿಗೆ ನಲವತ್ತು ಐವತ್ತರಲ್ಲೇ ಬರುವುದುಂಟು. ಎಲ್ಲರಿಗೂ ಕೇಳುವ ಮರೆವಿನ ಪ್ರಶ್ನೆಗಳು ಇವರಿಗೆ ಹೊಂದುವುದಿಲ್ಲ. ಇಂದಿನ ತಾರೀಕು ಅವರಿಗೆ ಇಪ್ಪತ್ತರಲ್ಲೂ ಗೊತ್ತಿರಲಿಲ್ಲ. ಅವರನ್ನು ಹೋಲಿಸಬೇಕಾದದ್ದು ಅವರ ಜೊತೆಗೇ. ಮೂವತ್ತರ ಹೊತ್ತಿಗೆ, ಚೆನ್ನಾಗಿದ್ದಾಗಲೇ ಒಮ್ಮೆ ಅಳತೆ ತೆಗೆದಿಡಿ, ಆಮೇಲೆ ಮತ್ತೆ ಮತ್ತೆ ನೋಡಿ ಎಂದು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾರ್ಗದರ್ಶಿ ಹೇಳುತ್ತದೆ. ಟೈಲರ್ ಹಳೆಯ ಅಳತೆ ಪುಸ್ತಕ ಇಟ್ಟುಕೊಂಡ ಹಾಗೆ.

ಇವರ ಅಳತೆ ಪುಸ್ತಕ ನನ್ನ ಕೈಗೆ ಬಂದಾಗ ಅದರಲ್ಲಿ ಆರು ಹಾಳೆಗಳಿದ್ದವು. ಕೈಬರಹ ಐದು. ಒಬ್ಬರು ದುಂಡಗೆ, ಒಬ್ಬರು ಹಸಿರು ಶಾಯಿಯಲ್ಲಿ, ಒಬ್ಬರದ್ದು ನನ್ನಂತೆಯೇ ಕೋಳಿಕಾಲು. ಎಲ್ಲರೂ ಅಸಿಸ್ಟೆಂಟರು, ಎಲ್ಲರೂ ಮುಂದಕ್ಕೆ ಹೋದವರು. ‘ಚಹಾ ಮಾಡುತ್ತಾರೆಯೇ?’ ಎಂಬಲ್ಲಿ ದುಂಡು ಬರಹ ‘ಸ್ವತಂತ್ರವಾಗಿ’ ಎಂದಿತ್ತು, ಮರುವರ್ಷದ ಹಸಿರು ಶಾಯಿ ‘ನೆರವಿನಿಂದ’ ಎಂದಿತ್ತು. ಹಾಳೆಯಲ್ಲಿ ನೋಡಿದರೆ ಕುಸಿತ, ಕಾಯಿಲೆಯ ಮೊದಲ ಸುಳಿವು. ತಾಯಿಯನ್ನು ಕೇಳಿದರೆ ನಕ್ಕುಬಿಟ್ಟರು. ಬಿಸಿನೀರು ಸುರಿಯುವುದು ಯಾವತ್ತೂ ತಾವೇ, ಉಳಿದದ್ದೆಲ್ಲ ಅವಳೇ, ಮೂವತ್ತು ವರ್ಷದಿಂದಲೂ. ಒಬ್ಬ ಹುಡುಗಿ ಅದನ್ನು ಸ್ವತಂತ್ರ ಅಂದುಕೊಂಡಳು, ಇನ್ನೊಬ್ಬಳು ನೆರವು ಅಂದುಕೊಂಡಳು. ಬದಲಾದದ್ದು ಬರೆದ ಕೈ.

ಮೊದಲ ವರ್ಷ ನಾನು ಹೋದಾಗ ಆಕೆ ನನ್ನ ಕೋಟು ಇಸಿದುಕೊಂಡು, ಕೋಣೆಯ ಕಾರ್ಪೆಟ್ ದಾಟಿ ಅಡುಗೆಮನೆಯ ಟೈಲ್ಸಿನ ಮೇಲೆ ದಡದಡ ನಡೆದು ಬಿಸ್ಕತ್ತಿನ ಡಬ್ಬಿ ತಂದಿದ್ದರು. ಎರಡನೇ ವರ್ಷವೂ ಕೋಟು ಇಸಿದುಕೊಂಡರು. ಕಾರ್ಪೆಟ್ ಮುಗಿದು ಟೈಲ್ಸ್ ಶುರುವಾಗುವಲ್ಲಿ ನಿಂತರು. ಬಲಗಾಲು ಎತ್ತಿ, ನೀರಿನ ಆಳ ನೋಡುವವರ ಹಾಗೆ ತುದಿಬೆರಳಿಂದ ನೆಲ ಮುಟ್ಟಿ, ಆಮೇಲೆ ದಾಟಿದರು. ಪ್ರಶ್ನಾವಳಿಯ ಉತ್ತರಗಳು ಹಿಂದಿನ ವರ್ಷದಂತೆಯೇ ಇದ್ದವು, ಎರಡು ಅಂಕ ಹೆಚ್ಚೇ ಬಂದಿತ್ತು. ನೆಲದ ಬಣ್ಣ ಬದಲಾಗುವಲ್ಲಿ, ಮೆಟ್ಟಿಲ ತುದಿಯಲ್ಲಿ ಹೀಗೆ ತಡೆದು ನಿಲ್ಲುವುದು ಇವರಲ್ಲಿ ಮರೆವಿನ ಕಾಯಿಲೆಯ ಆರಂಭದ ಲಕ್ಷಣವಾಗಿರಬಹುದು. ಕಣ್ಣಿನ ಪೊರೆಯೂ ಇರಬಹುದು, ಥೈರಾಯ್ಡ್ ಏರುಪೇರೂ ಇರಬಹುದು. ಡೌನ್ ಸಿಂಡ್ರೋಮ್‌ನಲ್ಲಿ ಅವೆರಡೂ ಸಾಮಾನ್ಯ, ಮೊದಲು ಅವನ್ನೇ ನೋಡಬೇಕು. ನೋಡಿಸಿದೆವು. ಕಣ್ಣೂ ಸರಿ ಇತ್ತು, ಥೈರಾಯ್ಡೂ ಸರಿ ಇತ್ತು. ಈಗ ಮೆಮೊರಿ ತಪಾಸಣೆ ನಡೆಯುತ್ತಿದೆ.

ಇದನ್ನು ನನ್ನ ಜಾಣತನವೆಂದು ಹೇಳುತ್ತಿಲ್ಲ. ಹಿಂದಿನ ವರ್ಷದ ದಡದಡ ನಡಿಗೆ ಯಾವ ಹಾಳೆಯಲ್ಲೂ ಇರಲಿಲ್ಲ, ನನ್ನ ಕಣ್ಣಲ್ಲಿತ್ತು ಅಷ್ಟೆ. ಒಂದು ವರ್ಷಕ್ಕೆ ಮೆಟ್ಟಿಲು ಹತ್ತಿ ಹೋಗಿದ್ದರೆ ಏಳನೇ ಕೈಬರಹದ ಹುಡುಗಿ ಬಂದು, ಬಿಸ್ಕತ್ತು ತಿಂದು, ಎರಡು ಅಂಕ ಹೆಚ್ಚು ಕೊಟ್ಟು ಹೋಗುತ್ತಿದ್ದಳು.

ಈ ಮಾತಿಗೆ ಇನ್ನೂ ಗಟ್ಟಿ ಆಧಾರವಿದೆ. ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಈ ಜನರನ್ನು ಸಿಬ್ಬಂದಿ ಹೊಡೆದು, ಎಳೆದಾಡಿ ಹಿಂಸಿಸುತ್ತಿದ್ದುದನ್ನು 2011ರ ಮೇ ತಿಂಗಳಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾ ತೋರಿಸಿತು. ಹನ್ನೊಂದು ಮಂದಿಗೆ ಶಿಕ್ಷೆಯಾಯಿತು, ಆರು ಮಂದಿ ಜೈಲಿಗೆ ಹೋದರು. ಅದಕ್ಕೆ ಮುಂಚೆಯೇ ಅಲ್ಲಿನ ನರ್ಸ್ ಒಬ್ಬರು ದೂರು ಕೊಟ್ಟಿದ್ದರು, ಕಿವಿಗೊಟ್ಟವರಿಲ್ಲ. ಇಂಥ ಆಸ್ಪತ್ರೆಗಳಲ್ಲಿ ಇರಬೇಕಿಲ್ಲದವರನ್ನು 2014ರೊಳಗೆ ಹೊರಗೆ ತರುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು. ಲರ್ನಿಂಗ್ ಡಿಸೆಬಿಲಿಟಿ ಅಥವಾ ಆಟಿಸಂ ಇರುವ ಸುಮಾರು 2,000 ಮಂದಿ ಈಗಲೂ ಮಾನಸಿಕ ಆಸ್ಪತ್ರೆಗಳಲ್ಲಿದ್ದಾರೆ. ಹೊರಗಿರುವವರೂ ಉಳಿದವರಿಗಿಂತ ಸರಾಸರಿ ಸುಮಾರು ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ. ಪ್ರತಿ ಸಾವನ್ನೂ ಪರಿಶೀಲಿಸುವ ಕಾರ್ಯಕ್ರಮವೇ ಅಲ್ಲಿದೆ, ವರ್ಷ ವರ್ಷ ವರದಿ ಬರುತ್ತದೆ. ತಪ್ಪಿಸಬಹುದಾಗಿದ್ದ ಸಾವುಗಳು ಅದರಲ್ಲಿ ಹೇರಳ. ನೋವಿದ್ದರೆ ‘ಅದು ಅವರ ಸ್ವಭಾವ’ ಎಂದು ಬಿಡುವುದು, ಮೌನವಿದ್ದರೆ ‘ಯಾವಾಗಲೂ ಹಾಗೇ’ ಎಂದು ಬಿಡುವುದು. ಯಾವಾಗಲೂ ಹಾಗೇನಾ ಎಂದು ತಿಳಿಯಲು ಯಾವಾಗಲೂ ನೋಡಿದವರು ಬೇಕಲ್ಲ.

ಹಾಗೆಂದು ಎಲ್ಲ ಅಸಿಸ್ಟೆಂಟರೂ ಅಲ್ಲೇ ಬೇರು ಬಿಡಬೇಕೆಂದು ನಾನು ಉಪದೇಶ ಮಾಡಲಾರೆ. ಬ್ಯಾಂಡ್ 4ರ ಸಂಬಳದಲ್ಲಿ ಬಾಡಿಗೆ ಕಟ್ಟಿ ಬೇರು ಬಿಡುವುದು ಹೇಗೆ? ಹುದ್ದೆಯನ್ನೇ ಹನ್ನೆರಡು ತಿಂಗಳಿಗೆ ಕತ್ತರಿಸಿ ಇಟ್ಟವರು ನಾವಲ್ಲ. ಡಾಕ್ಟರೇಟ್ ಇಲ್ಲದೆಯೂ ನೆಲೆ ನಿಲ್ಲಬಹುದಾದ ‘ಕ್ಲಿನಿಕಲ್ ಅಸೋಸಿಯೇಟ್’ ಎಂಬ ಹುದ್ದೆ ಈಚೆಗೆ ಇಂಗ್ಲೆಂಡಿನಲ್ಲೂ ಬಂದಿದೆ, ನಮ್ಮ ತಂಡದಲ್ಲಿ ಇನ್ನೂ ಇಲ್ಲ. ನನ್ನ ತಕರಾರು ಇಷ್ಟೇ: ಹೊರಡುವ ಹುಡುಗ ಹುಡುಗಿಯರಿಗೆ ಇದನ್ನು ಬರೀ ಮೆಟ್ಟಿಲೆಂದು ಪರಿಚಯಿಸಬೇಡಿ. ಹೋದರೆ ಎರಡು ವರ್ಷವಾದರೂ ನಿಲ್ಲುವ ಲೆಕ್ಕ ಹಾಕಿಕೊಂಡು ಹೋಗಿ, ಅದೇ ಮನುಷ್ಯರನ್ನು ಅದೇ ಕಣ್ಣಿಂದ ಎರಡು ಸಲ ನೋಡಿ ಎನ್ನಿ. ಸಂದರ್ಶನದಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉತ್ತರವೂ ಸಿಗಲಾರದು, ಆ ಆಸೆಗಾದರೂ ನಿಲ್ಲಲಿ.

ಇಷ್ಟು ಬರೆದವಳು ಒಂದು ಮಾತು ಮುಚ್ಚಿಡಬಾರದು. ನನಗೆ ಈ ಸಲ ಡಾಕ್ಟರೇಟ್ ಸೀಟು ಸಿಕ್ಕಿದೆ. ಮೂರನೇ ಪ್ರಯತ್ನ. ಇನ್ನೆರಡು ತಿಂಗಳಿಗೆ ನಾನೂ ಹೊರಟೆ.

ನಮ್ಮಲ್ಲಿ ಭೇಟಿಯ ಪತ್ರಗಳನ್ನು ‘ಈಸಿ ರೀಡ್’ ರೂಪದಲ್ಲಿ ಕಳಿಸುತ್ತೇವೆ. ದೊಡ್ಡ ಅಕ್ಷರ, ಚಿಕ್ಕ ವಾಕ್ಯ, ಪಕ್ಕಕ್ಕೊಂದು ಚಿತ್ರ. ಬರುವವರು ಯಾರೆಂದು ಗೊತ್ತಾಗಲಿ ಎಂದು ನಮ್ಮ ಫೋಟೊ. ನಾನು ಎರಡು ವಾರಕ್ಕೊಮ್ಮೆ ನೋಡುವ ಒಬ್ಬರಿದ್ದಾರೆ. ಐವತ್ತರ ಆಸುಪಾಸು, ನಾಲ್ಕೈದು ಪದ, ಉಳಿದದ್ದು ಮಕಟಾನ್ ಸನ್ನೆ. ನನ್ನ ಇಂಗ್ಲಿಷಿನ ಹಾಸನದ ಧಾಟಿ ಅವರಿಗೆ ಹತ್ತುವುದಿಲ್ಲ, ಸನ್ನೆ ಮಾತ್ರ ಸರಿಯಾಗಿದೆ ಎಂದು ಹೆಬ್ಬೆರಳು ಎತ್ತಿ ತೋರಿಸಿದ್ದರು. ಮೊದಲ ಭೇಟಿಯಲ್ಲೇ ಅವರು ಒಂದು ಪ್ಲಾಸ್ಟಿಕ್ ಫೋಲ್ಡರ್ ತಂದು ನನ್ನ ತೊಡೆಯ ಮೇಲಿಟ್ಟರು. ಪತ್ರಗಳಿಂದ ಕತ್ತರಿಸಿದ ಫೋಟೊಗಳು, ಜೇಬಿಗೊಂದು. ಏಳು ಅಸಿಸ್ಟೆಂಟರು. ಒಂದೊಂದನ್ನೇ ಬೆರಳಿಂದ ಮುಟ್ಟಿ ಬಾಗಿಲ ಕಡೆ ಕೈ ತೋರಿಸಿದರು. ಎಂಟನೇ ಜೇಬಿನಲ್ಲಿ ನನ್ನದು. ಆಮೇಲೆ ಗೋಡೆಯ ಕ್ಯಾಲೆಂಡರಿಗೆ ಬೆರಳು, ನನ್ನ ಕಡೆಗೆ ಬೆರಳು, ಹುಬ್ಬು ಮೇಲಕ್ಕೆ. ಪ್ರಶ್ನೆ ನನಗೆ ತಕ್ಷಣ ತಿಳಿಯಿತು. ‘ತುಂಬಾ ದಿನ’ ಎಂದೆ. ಹಾಗೆ ಹೇಳಬಾರದಿತ್ತು.

ಕಳೆದ ಮಂಗಳವಾರ ಹೋಗಿ ಕ್ಯಾಲೆಂಡರಿನಲ್ಲಿ ನನ್ನ ಕೊನೆಯ ದಿನಕ್ಕೆ ಗುರುತು ಹಾಕಿದೆ. ಮುಂಚಿತವಾಗಿ, ಕಣ್ಣಿಗೆ ಕಾಣುವಂತೆ ಹೇಳಬೇಕು ಎಂಬುದು ನಮ್ಮ ಪದ್ಧತಿ. ಅವರು ಅಳಲಿಲ್ಲ, ಸಿಟ್ಟಾಗಲಿಲ್ಲ. ಫೋಲ್ಡರ್ ತಂದರು, ನನ್ನ ಫೋಟೊ ಮುಟ್ಟಿ ಬಾಗಿಲ ಕಡೆ ಕೈ ತೋರಿಸಿದರು. ಪುಟ ತಿರುಗಿಸಿ ಒಂಬತ್ತನೇ ಜೇಬಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ‘ಇನ್ನೂ ಗೊತ್ತಿಲ್ಲ’ ಎಂದೆ. ಹುದ್ದೆಯ ಜಾಹೀರಾತು ಮುಂದಿನ ತಿಂಗಳು ಬರಬೇಕು.

ಇಂತಿ,
ನಿಮ್ಮ ಓದುಗಿ
(ಹೆಸರು, ವಿಳಾಸ ನಿಮ್ಮ ಮಾಹಿತಿಗೆ ಮಾತ್ರ, ದಯವಿಟ್ಟು ಅಚ್ಚು ಹಾಕಬೇಡಿ)